ಆರ್.ಇ.ಎಂ. ನೆನಪಿಗೆ: ಇವತ್ತು ಸಂಜೆ ಅವರ ಹಾಡುಗಳು ಮಾತ್ರ

ಗೆಳೆಯರೇ, ಇವತ್ತು ಸೆಪ್ಟೆಂಬರ್ 21. 2011ರಲ್ಲಿ ಇದೇ ದಿನ ಅಮೆರಿಕದ ರಾಕ್ ಬ್ಯಾಂಡ್ ಆರ್.ಇ.ಎಂ. ಮುಗಿಯಿತು ಎಂದು ಅವರೇ ತಿಳಿಸಿದ್ದರು. ಸಂಜೆ 7ರ ನಂತರ ಗುಂಪಿನಲ್ಲಿ ಬೇರೆ ಫಾರ್ವರ್ಡ್ ಬೇಡ. ಅವರ ಹಾಡು ಹಾಕಿ, ಯಾಕೆ ಇಷ್ಟ ಅಂತ ಎರಡು ಸಾಲು ಬರೆಯಿರಿ. ಸುಮ್ನೆ ಲಿಂಕ್ ಹಾಕಿ ಹೋಗಬೇಡಿ.

ನನ್ನದು 1991ರ ‘ಲೂಸಿಂಗ್ ಮೈ ರಿಲಿಜನ್’. ಬ್ಯಾಂಡ್‌ನ ಗಿಟಾರ್ ವಾದಕ ಪೀಟರ್ ಬಕ್ ಆಗಷ್ಟೇ ಮ್ಯಾಂಡೊಲಿನ್ ಕಲಿಯುತ್ತಿದ್ದರು. ಅಭ್ಯಾಸ ಮಾಡುವಾಗ ಕೈಗೆ ಸಿಕ್ಕ ಆ ಸಣ್ಣ ತುಣುಕೇ ಹಾಡಾಯಿತು. ಶುರುವಿನ ತಂತಿ ಸದ್ದು ಕೇಳಿದರೆ ಈಗಲೂ ಮೈ ಜುಮ್ ಎನ್ನುತ್ತದೆ.

ಅಮೆರಿಕದ ಜಾರ್ಜಿಯಾದ ಅಥೆನ್ಸ್ ಊರಲ್ಲಿ, 1980ರ ಏಪ್ರಿಲ್‌ನಲ್ಲಿ, ಗೆಳತಿಯ ಹುಟ್ಟುಹಬ್ಬಕ್ಕೆ ಹಳೇ ಚರ್ಚೊಂದರಲ್ಲಿ ನುಡಿಸಿ ಶುರು ಮಾಡಿದವರು. ಹಾಡು ಯಾರೇ ಕಟ್ಟಲಿ, ಹೆಸರು ಬ್ಯಾಂಡ್‌ನ ನಾಲ್ವರದೂ ಇರುತ್ತಿತ್ತು. 1997ರಲ್ಲಿ ಡ್ರಮ್ಮರ್ ಬಿಲ್ ಬೆರ್ರಿ ಹೊರಟಾಗಲೂ ಜಗಳ ಇರಲಿಲ್ಲ, ಬ್ಯಾಂಡ್ ಮುಗಿಸಿದಾಗಲೂ ಇರಲಿಲ್ಲ. ಇಷ್ಟು ಮರ್ಯಾದೆಯಿಂದ ಮುಗಿಸಿದ ಬ್ಯಾಂಡ್ ಅಪರೂಪ ಅಲ್ವಾ? ಬೇಜಾರು ಇದೆ, ಆದರೆ ಕೃತಜ್ಞತೆ ಅದಕ್ಕಿಂತ ಜಾಸ್ತಿ.

ಹೊಸಬರು 1992ರ ‘ಆಟೊಮ್ಯಾಟಿಕ್ ಫಾರ್ ದ ಪೀಪಲ್’ ಆಲ್ಬಂನಿಂದ ಶುರು ಮಾಡಿ. ಹೆಡ್‌ಫೋನ್ ಇದ್ದರೆ ಒಳ್ಳೆಯದು.