ಕರ್ಣನಿಲ್ಲದ ಕೌರವ

ಶಿಜುಓಕಾ, ಜಪಾನ್

ತೀರ್ಥರೂಪ ಅಪ್ಪನಿಗೆ ಶಿರಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಆರಾಮ ಇದ್ದೇನೆ. ಅವ್ವ ಕಳಿಸಿದ ಶೇಂಗಾ ಚಟ್ನಿಪುಡಿ ಮುಟ್ಟಿತು. ಅಣ್ಣಿಗೇರಿ ಕಡೆ ಮಳೆ ಹೇಗಿದೆ? ಹೆಸರು ಬಿತ್ತಿದಿರಾ?

ಹೋದ ಭಾನುವಾರ ಇಲ್ಲಿಯ ಒಂದು ಸಣ್ಣ ಥಿಯೇಟರಿನಲ್ಲಿ ಜಪಾನಿನ ನಿರ್ದೇಶಕ ಕುರೋಸಾವಾ ಅವರ ಹಳೆಯ ಸಿನಿಮಾ ನೋಡಿದೆ. 1957ರದು, ಕಪ್ಪು-ಬಿಳುಪು. ಹೊರಗಿನವರಿಗೆ ಅದು 'ಥ್ರೋನ್ ಆಫ್ ಬ್ಲಡ್'. ಜಪಾನಿ ಹೆಸರಿನ ಅರ್ಥ ಜೇಡರ ಬಲೆಯ ಕೋಟೆ. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಕತೆಯನ್ನೇ ಸಮುರಾಯಿಗಳ ಕಾಲಕ್ಕೆ ತಂದಿದ್ದಾರೆ. ನೋಡುವಷ್ಟು ಹೊತ್ತೂ ನೀವೇ ನೆನಪಾದಿರಿ.

ವಾಶಿಜು, ಮಿಕಿ ಅಂತ ಇಬ್ಬರು ಸರದಾರರು, ಜೀವದ ಗೆಳೆಯರು. ಕಾಡಿನಲ್ಲಿ ರಾಟಿ ತಿರುಗಿಸುತ್ತ ಕೂತ ಒಂದು ದೆವ್ವ, ಕೋಟೆ ವಾಶಿಜುವಿಗೆ ಸಿಗುತ್ತದೆ, ಆಮೇಲೆ ಮಿಕಿಯ ಮಗನಿಗೆ ಅನ್ನುತ್ತದೆ. ಇಬ್ಬರೂ ಮಂಜಿನಲ್ಲಿ ದಾರಿ ತಪ್ಪಿ ಕುದುರೆ ಓಡಿಸುತ್ತಾರೆ. ನಮ್ಮ ಕಡೆ ಬರುತ್ತಾರೆ, ಮತ್ತೆ ಮಂಜಿನೊಳಗೆ ಹೋಗುತ್ತಾರೆ, ಮತ್ತೆ ಬರುತ್ತಾರೆ. ಕೊನೆಗೆ ಕೋಟೆ ಕಂಡಾಗ ನೆಲಕ್ಕೆ ಕೂತು ನಗುತ್ತಾರೆ. ಆ ಕೋಟೆಯನ್ನು ಫುಜಿ ಬೆಟ್ಟದ ಇಳಿಜಾರಿನಲ್ಲಿ ಕಟ್ಟಿದ್ದರಂತೆ. ಅಲ್ಲಿಯ ಮಣ್ಣು ಕಪ್ಪು. ನಮ್ಮ ಎರಿಹೊಲ ಕಣ್ಮುಂದೆ ಬಂತು.

ವಾಶಿಜುವಿನ ಹೆಂಡತಿ ಅಸಾಜಿ. ಮಾತಾಡುವಾಗಲೂ ಅವಳ ಮುಖ ಅಲುಗುವುದಿಲ್ಲ, ಇಲ್ಲಿಯ ನೋ ನಾಟಕದ ಮುಖವಾಡದ ಹಾಗೆ. ಕೋಟೆಗಾಗಿ ವಾಶಿಜು ತನ್ನ ದೊರೆಯನ್ನು ಕೊಲ್ಲುವ ರಾತ್ರಿ ಅವಳು ಕತ್ತಲ ಕೋಣೆಯೊಳಗೆ ಹೋಗಿ ಮಾಯವಾಗುತ್ತಾಳೆ. ರೇಷ್ಮೆಯ ಸರಸರ ಸಪ್ಪಳ ಮಾತ್ರ ಕೇಳುತ್ತದೆ. ಮತ್ತೆ ಹೊರಬಂದಾಗ ಕೈಯಲ್ಲಿ ಕಾವಲಿನವರಿಗೆ ಕುಡಿಸುವ ಮದ್ಯದ ಗಡಿಗೆ. ನನಗೆ ಕೈಕಾಲು ತಣ್ಣಗಾದವು.

ಮಕ್ಕಳಿಲ್ಲದ ವಾಶಿಜು ಮಿಕಿಯ ಮಗನನ್ನೇ ವಾರಸುದಾರ ಮಾಡಬೇಕು ಅಂತಿರುತ್ತಾನೆ. ಹೆಂಡತಿ ತಾನು ಬಸುರಿ ಅನ್ನುತ್ತಾಳೆ. ಅಷ್ಟೇ, ಮಿಕಿಯ ಕತೆ ಮುಗಿಯಿತು. ಔತಣದಲ್ಲಿ ಅವನ ಜಾಗ ಖಾಲಿ.

ಅಪ್ಪಾ, ನೀವು ದೊಡ್ಡಾಟದಲ್ಲಿ ಕೌರವ ಆಗುತ್ತಿದ್ದಿರಲ್ಲ, ಕರ್ಣ ಬಿದ್ದ ಸುದ್ದಿ ಬಂದಾಗ ಕಿರೀಟ ತೆಗೆದು ತೊಡೆ ಮೇಲಿಟ್ಟುಕೊಂಡು ಸುಮ್ನೆ ಕೂತುಬಿಡುತ್ತಿದ್ದಿರಿ. ಹಿಮ್ಮೇಳವೂ ನಿಲ್ಲುತ್ತಿತ್ತು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕೌರವನೂ ಸಿಂಹಾಸನಕ್ಕಾಗಿ ಏನೆಲ್ಲ ಮಾಡಿದ. ಸೂಜಿಮೊನೆಯಷ್ಟು ನೆಲ ಬಿಡಲಿಲ್ಲ. ಆದರೆ ಕರ್ಣನನ್ನೂ ಬಿಡಲಿಲ್ಲ ಅಲ್ವಾ? ಪಗಡೆಯಾಟದಲ್ಲಿ ಕರ್ಣ ಎಳೆದು ಭಾನುಮತಿಯ ಹಾರ ಹರಿದಾಗ, ಮುತ್ತು ಆರಿಸಿಕೊಡಲಾ ಅಂದ ಕೌರವ ಅವನು. ಪಂಪ ನಮ್ಮ ಅಣ್ಣಿಗೇರಿಯವನು ಅಂತ ಎದೆಯುಬ್ಬಿಸಿ ಈ ಕತೆ ಹೇಳುತ್ತಿದ್ದಿರಿ. ವಾಶಿಜು ಕೋಟೆಗಾಗಿ ತನ್ನ ಕರ್ಣನನ್ನು ತಾನೇ ಕೊಲ್ಲಿಸಿದ. ಅದನ್ನು ನನಗೆ ಈಗಲೂ ತಡೆದುಕೊಳ್ಳಲು ಆಗುತ್ತಿಲ್ಲ.

ಕೊನೆಗೆ ಅವನ ಮೇಲೆ ಬಾಣದ ಮಳೆ. ಬಿಡುವವರು ಅವನದೇ ಸೈನಿಕರು. ನಟ ಮಿಫುನೆಯ ಅಕ್ಕಪಕ್ಕ ನಿಜವಾದ ಬಾಣಗಳನ್ನೇ ಬಿಟ್ಟಿದ್ದರಂತೆ. ಆ ಕಣ್ಣಲ್ಲಿದ್ದ ಹೆದರಿಕೆ ನೀವು ನೋಡಬೇಕು. ದೀಪಾವಳಿಗೆ ಬಂದಾಗ ಟಿವಿಗೆ ಹಾಕುತ್ತೇನೆ, ಜೊತೆಗೆ ಕೂತು ನೋಡೋಣ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಕರ್ಣ ಬಿದ್ದಾಗಿನ ಆ ಪದ ಹಾಡಿ ಮೊಬೈಲಿನಲ್ಲಿ ಕಳಿಸಿ. ನಡುವೆ ಕೆಮ್ಮು ಬಂದರೂ ಪರವಾಗಿಲ್ಲ.

ನಿಮ್ಮ ಮಗಳು