ಹಳೆ ಕಾಗದ ನೀಲಿ ಹೊಳೆದರೆ

ಸಂಪಾದಕರಿಗೆ ನಮಸ್ಕಾರ,

ಶಿರಸಿಯಲ್ಲಿ ಮೂವತ್ತು ವರ್ಷ ದಸ್ತಾವೇಜು ಬರೆದವನು ನಾನು. ಕಳೆದ ತಿಂಗಳು ಪರಿಚಯದವರೊಬ್ಬರು 1938ರ ಖರೀದಿ ಪತ್ರ ಅಂತ ಒಂದು ಕಾಗದ ತಂದರು. ಅಡಿಕೆ ತೋಟದ ವ್ಯವಹಾರ. ಹಳದಿ ಬಣ್ಣ, ಮಡಿಕೆಯಲ್ಲಿ ಹರಿದದ್ದು, ಮೂಲೆಯಲ್ಲಿ ಹುಳ ತಿಂದ ಹಾಗೆ ತೂತು. ಖೋಟಾ ನೋಟು ನೋಡಲು ಇಟ್ಟುಕೊಂಡ ನೇರಳಾತೀತ (ಯುವಿ) ದೀಪ ಪಕ್ಕದಲ್ಲೇ ಇತ್ತು, ಸುಮ್ನೆ ಹಿಡಿದೆ. ಮಡಿಕೆಯೊಳಗೆ, ಹಳೆಯದಾಗಿ ಕಾಣಲಿ ಅಂತ ಬಳಿದ ಚಹಾದ ಬಣ್ಣ ತಾಗದ ಕಡೆ, ಕಾಗದ ನೀಲಿಯಾಗಿ ಹೊಳೆಯಿತು. ಒಗೆದ ಬಿಳಿ ಅಂಗಿ ಥರ!

ಕಾಗದ ಬೆಳ್ಳಗೆ ಕಾಣಲಿ ಅಂತ ಹಾಕುವ, ಹೀಗೆ ಹೊಳೆಯುವ ರಾಸಾಯನಿಕ ಬಳಕೆಗೆ ಬಂದದ್ದೇ 1950ರ ಸುಮಾರಿಗೆ. ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದ ಕಾಗದಕ್ಕೆ ಅದು ಎಲ್ಲಿಂದ ಬಂತು?

ನೋಂದಣಿ ಕಚೇರಿ, ಸೊಸೈಟಿಗಳ ಮೇಜಿನ ಮೇಲೂ 365 ನ್ಯಾನೊಮೀಟರ್ ತರಂಗಾಂತರದ (ಬೆಳಕಿನ ಅಲೆಯ ಅಳತೆ) ಇಂಥ ಒಂದು ದೀಪ ಇರಲಿ. ಬೆಲೆ ಜಾಸ್ತಿಯಿಲ್ಲ. ಔಷಧಿ ಹಾಕಿ ಅಳಿಸಿ ತಿದ್ದಿದ ಅಂಕಿಯ ಜಾಗವೂ ಎಷ್ಟೋ ಸಲ ಬೇರೆ ಬಣ್ಣದಲ್ಲಿ ಕಾಣುತ್ತದೆ. ಕಣ್ಣಿಗೆ ಮಾತ್ರ ನೇರ ಹಿಡಿಯಬಾರದು.

ಹಾಗಂತ ದೀಪ ಹೇಳಿದ್ದೇ ತೀರ್ಪಲ್ಲ. ಜೇಬಿನಲ್ಲೇ ಉಳಿದು, ಇದೇ ಥರದ ರಾಸಾಯನಿಕ ಇರುವ ಸೋಪಿನ ಪುಡಿಯಲ್ಲಿ ನೆನೆದ ಅಸಲಿ ನೋಟೂ ಹೊಳೆಯುತ್ತದೆ, ನಮ್ಮ ಮನೆಯಲ್ಲೇ ಆಗಿದೆ. ಹಳೆಯ ಖಾಲಿ ಹಾಳೆ ಹುಡುಕಿ ಬರೆದವನು ಇದಕ್ಕೆ ಸಿಕ್ಕದೆಯೂ ಹೋಗಬಹುದು. ಅನುಮಾನ ಬಂದದ್ದು ವಿಧಿವಿಜ್ಞಾನ ಪ್ರಯೋಗಾಲಯಕ್ಕೇ ಹೋಗಬೇಕು.

ಕಾಗದ ತಂದವರು ಮಾತಾಡದೆ ಅದನ್ನು ಮಡಚಿದರು. "ಮತ್ತೆ ಬರ್ತೆ" ಅಂದು ಹೋದರು. ಇನ್ನೂ ಬಂದಿಲ್ಲ.

— ನಿವೃತ್ತ ದಸ್ತಾವೇಜು ಬರಹಗಾರ, ಶಿರಸಿ