ದರ ಕೈಗೆಟುಕಿದರೆ ಕಳ್ಳ ಪ್ರತಿ ಯಾರಿಗೆ ಬೇಕು?

ಮಾನ್ಯರೆ,

ಹೊಸ ಸಿನಿಮಾಗಳ ಕಳ್ಳ ಪ್ರತಿ ಟೆಲಿಗ್ರಾಂನಲ್ಲಿ ಹರಿದಾಡುವುದನ್ನು ಬರೀ ಕಾನೂನಿನಿಂದ ತಡೆಯಲು ಆಗದು. 2023ರ ಸಿನಿಮಾಟೋಗ್ರಾಫ್ (ತಿದ್ದುಪಡಿ) ಕಾಯ್ದೆಯಲ್ಲಿ ಕಳ್ಳ ಪ್ರತಿ ಮಾಡುವವರಿಗೆ 3 ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡವಿದೆ. ಆದರೂ ಲಿಂಕ್‌ಗಳು ನಿಂತಿಲ್ಲ, ಅಲ್ವಾ?

ಹಾಡುಗಳ ವಿಷಯ ನೋಡಿ. ವಿಜಯಪುರದ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡ್‌ಗೆ ಹಾಡು ತುಂಬಿಸಿಕೊಳ್ಳಲು ಒಂದು ಕಾಲಕ್ಕೆ ಜನ ಮುಗಿಬೀಳುತ್ತಿದ್ದರು. ಜಾಹೀರಾತು ಸಹಿತ ಪುಕ್ಕಟೆ ಆ್ಯಪ್‌ಗಳು ಬಂದವು, ಆ ದಂಧೆ ತಾನಾಗಿಯೇ ಸೊರಗಿತು. ನೆಟ್‌ಫ್ಲಿಕ್ಸ್ ಕೂಡ 2021ರಲ್ಲಿ ಮೊಬೈಲ್ ಪ್ಲಾನ್ ದರವನ್ನು 199ರಿಂದ 149 ರೂಪಾಯಿಗೆ ಇಳಿಸಿತು. ಆದರೆ ಈಗ ಒಂದೊಂದು ಸಿನಿಮಾ ಒಂದೊಂದು ಆ್ಯಪ್‌ನಲ್ಲಿ. ಎಲ್ಲಕ್ಕೂ ಚಂದಾ ಕಟ್ಟುವವರು ಯಾರು?

ರಾಜ್ಯ ಸರ್ಕಾರ 2025-26ರ ಬಜೆಟ್‌ನಲ್ಲಿ ತನ್ನದೇ ಒಟಿಟಿ ತರುವುದಾಗಿ ಹೇಳಿದೆ. ಅದರಲ್ಲಿ ತಿಂಗಳ ಚಂದಾದ ಜೊತೆಗೆ, ಒಂದು ಕನ್ನಡ ಸಿನಿಮಾ ನೋಡಲು 20 ರೂಪಾಯಿ ಎಂಬ ದರವನ್ನೂ ಇಡಲಿ.

— ಓದುಗ, ವಿಜಯಪುರ